ಕಡಸಲು ಯಂತ್ರಕ್ಕೇರುವ ಮುನ್ನ

ಲಟ್ಟಣಿಗೆ, ಬುಗುರಿ, ಕಡಗೋಲು, ತೊಟ್ಟಿಲ ಕಾಲು, ಇವೆಲ್ಲ ಕಡಸಲು ಯಂತ್ರದಲ್ಲಿ ರೂಪುಗೊಳ್ಳುವ ವಸ್ತುಗಳು. ಎರಡು ಮೊನೆಗಳ ನಡುವೆ ಮರವನ್ನು ಸಿಕ್ಕಿಸಿ ತಿರುಗಿಸುವುದು, ತಿರುಗುವ ಮರಕ್ಕೆ ಉಳಿಯನ್ನು ಆನಿಸುವುದು. ಯಂತ್ರದ ತತ್ತ್ವ ಇಷ್ಟೇ. ನೋಡುವವರ ಕಣ್ಣು ಸಹಜವಾಗಿಯೇ ಉಳಿಯ ಮೇಲಿರುತ್ತದೆ. ಆದರೆ ಒಂದು ತುಂಡು ಬಟ್ಟಲಾಗುವುದೋ, ಸೀಳಿ ಒಲೆ ಸೇರುವುದೋ ಎಂಬುದು ಬಹುಮಟ್ಟಿಗೆ ಅದು ಯಂತ್ರಕ್ಕೇರುವ ಮೊದಲೇ ನಿರ್ಣಯವಾಗಿರುತ್ತದೆ. ಕೆಲಸಗಾರನ ಕೂಲಿಯಷ್ಟೇ ಅಲ್ಲ, ಅವನ ಕಣ್ಣು ಮತ್ತು ಬೆರಳುಗಳ ಕ್ಷೇಮವೂ ಈ ಪೂರ್ವಸಿದ್ಧತೆಯನ್ನೇ ಅವಲಂಬಿಸಿದೆ.

ಹಾವೇರಿಯಿಂದ ರಾಣೆಬೆನ್ನೂರಿಗೆ ಹೋಗುವ ರೈಲುದಾರಿಯಲ್ಲಿ ನಡುವೆ ಬ್ಯಾಡಗಿ ಸಿಕ್ಕುತ್ತದೆ. ಅಲ್ಲಿಯ ಮೆಣಸಿನಕಾಯಿಯನ್ನು ಬಲ್ಲವರಿಗೆ ಮರದ ಸ್ವಭಾವವನ್ನು ತಿಳಿಸುವುದು ಸುಲಭ. ಕೆಂಪು ಹಣ್ಣು ಬಿಸಿಲಿಗೆ ಒಣಗಿದಂತೆಲ್ಲ ಸಿಪ್ಪೆ ನೆರಿಗೆಗಟ್ಟುತ್ತದೆ. ಬ್ಯಾಡಗಿ ಕಾಯಿಯ ಗುರುತೇ ಆ ನೆರಿಗೆ. ನೀರು ಹೋದಾಗ ಮರವೂ ಕುಗ್ಗುತ್ತದೆ. ಆದರೆ ಸಿಪ್ಪೆಯಂತೆ ಮಡಚಿಕೊಳ್ಳುವ ಮೃದುತ್ವ ಅದಕ್ಕಿಲ್ಲವಾದ್ದರಿಂದ ಅದು ಬಿರಿಯುತ್ತದೆ.

ಹಸಿಮರದಲ್ಲಿ ನೀರು ಎರಡು ಬಗೆಯಾಗಿರುತ್ತದೆ. ಜೀವಕೋಶಗಳ ಪೊಳ್ಳಿನಲ್ಲಿ ತುಂಬಿದ ನೀರು ಮೊದಲು ಹೋಗುತ್ತದೆ. ಆಗ ತೂಕ ಇಳಿಯುತ್ತದೆಯೇ ಹೊರತು ಆಕಾರ ಬದಲಾಗುವುದಿಲ್ಲ. ಒಣಮರದ ತೂಕದ ಶೇಕಡಾ 30ರಷ್ಟು ನೀರು ಉಳಿದಾಗ, ಕೋಶಗಳ ಗೋಡೆಯೊಳಗೆ ಬಂಧಿತವಾದ ನೀರು ಹೊರಡತೊಡಗುತ್ತದೆ. ಕುಗ್ಗುವಿಕೆ ಆರಂಭವಾಗುವುದು ಇಲ್ಲಿಂದ. ಅದೂ ಎಲ್ಲ ದಿಕ್ಕಿನಲ್ಲಿ ಸಮನಾಗಿಲ್ಲ. ಉದ್ದಕ್ಕೆ ಅದು ಗಣನೆಗೇ ಬಾರದಷ್ಟು ಅಲ್ಪ. ತಿರುಳಿನಿಂದ ತೊಗಟೆಯತ್ತ ಒಂದು ಪಾಲೆಂದರೆ, ಬೆಳವಣಿಗೆಯ ಬಳೆಗಳ ಸುತ್ತಿನಲ್ಲಿ ಸಾಮಾನ್ಯವಾಗಿ ಎರಡು ಪಾಲು.

20 ಸೆಂಟಿಮೀಟರ್ ವ್ಯಾಸದ ದುಂಡು ದಿಮ್ಮಿಯನ್ನು ತೆಗೆದುಕೊಳ್ಳೋಣ. ಅದರ ಪರಿಧಿ ಸುಮಾರು 63 ಸೆಂಟಿಮೀಟರ್. ತ್ರಿಜ್ಯದ ದಿಕ್ಕಿನಲ್ಲಿ ಶೇಕಡಾ 4, ಸುತ್ತಳತೆಯಲ್ಲಿ ಶೇಕಡಾ 8 ಕುಗ್ಗುವುದೆಂದು ಹಿಡಿದರೆ, ಸುತ್ತಿನಲ್ಲಿ ಎರಡೂವರೆ ಸೆಂಟಿಮೀಟರಿನಷ್ಟು ಮರ ಸಾಲದೆ ಹೋಗುತ್ತದೆ! ಆ ಕೊರತೆಯೇ ಬಿರುಕು. ಇದಕ್ಕೆ ಉಪಾಯವೆಂದರೆ ದಿಮ್ಮಿಯನ್ನು ಹಸಿಯಿರುವಾಗಲೇ ತಿರುಳಿನ ಮೂಲಕ ಉದ್ದಕ್ಕೆ ಎರಡಾಗಿ ಸೀಳುವುದು. ಆಗ ಪ್ರತಿಯೊಂದು ಹೋಳೂ ತನ್ನಿಷ್ಟದಂತೆ ಕುಗ್ಗಲು ಸ್ವತಂತ್ರ. ಸೀಳಿದ ಮುಖ ತುಸು ಉಬ್ಬುತ್ತದೆ, ಅಷ್ಟೆ. ತಿರುಳಿನ ಭಾಗವನ್ನು ಕೆತ್ತಿ ತೆಗೆದುಬಿಡುವುದು ಮೇಲು.

ಇನ್ನು ತುದಿಗಳ ವಿಚಾರ. ಮರದ ನಾರುಗಳು ಕೊಳವೆಗಳ ಕಟ್ಟಿನಂತಿರುವುದರಿಂದ, ಪಕ್ಕದ ಮೈಗಿಂತ ಕೊಯ್ದ ತುದಿಯಲ್ಲಿ ನೀರು ಹತ್ತಾರು ಪಟ್ಟು ಬೇಗ ಆರುತ್ತದೆ. ಒಳಗೆ ಹಸಿ, ತುದಿಯಲ್ಲಿ ಒಣ, ತುದಿ ಸೀಳುತ್ತದೆ. ಈ ಸೀಮೆಯ ಮಾರ್ಚ್-ಏಪ್ರಿಲ್ ತಿಂಗಳ ಒಣಗಾಳಿಯಲ್ಲಂತೂ ಕಡಿದ ದಿನವೇ ತುದಿಗಳಿಗೆ ಕರಗಿಸಿದ ಮೇಣವನ್ನೋ ಹಳೆಯ ಬಣ್ಣವನ್ನೋ ಬಳಿಯಬೇಕು. ಸಗಣಿ ಮೆತ್ತುವ ಪದ್ಧತಿಯೂ ಉಂಟು. ಅದನ್ನು ನಗುವ ಕಾರಣವಿಲ್ಲ, ಅದರ ಹಿಂದಿರುವುದೂ ಇದೇ ತತ್ತ್ವ. ಬಳಿದ ತುಂಡುಗಳನ್ನು ನೆರಳಿನಲ್ಲಿ, ನಡುವೆ ಗಾಳಿಯಾಡುವಂತೆ ಪೇರಿಸಿಡಬೇಕು. ಒಣಗಿದೆಯೇ ಎಂಬುದಕ್ಕೆ ತಕ್ಕಡಿಯೇ ಸಾಕ್ಷಿ: ವಾರಕ್ಕೊಮ್ಮೆ ತೂಗಿ, ಇಳಿತ ನಿಂತಾಗ ಕೆಲಸಕ್ಕೆ ತೆಗೆದುಕೊಳ್ಳಬಹುದು. ಬಟ್ಟಲಿಗಾದರೆ ಹಸಿಯಲ್ಲೇ ಒರಟಾಗಿ ಕಡೆದು, ವ್ಯಾಸದ ಹತ್ತರಲ್ಲೊಂದು ಪಾಲು ದಪ್ಪ ಉಳಿಸಿ ಒಣಗಿಸುವುದು ಜಾಣತನ.

ಮರದ ಜಾತಿಯೂ ಮುಖ್ಯ. ಚನ್ನಪಟ್ಟಣದ ಗೊಂಬೆಗಳಿಗೆ ಮೃದುವಾದ, ದಂತವರ್ಣದ ಆಲೆಮರ ಪ್ರಸಿದ್ಧ. 1974ರಲ್ಲಿ ಕೃಷ್ಣಮೃಗಗಳ ಅಭಯಾರಣ್ಯವಾದ ರಾಣೆಬೆನ್ನೂರಿನ ಕಾಡಿನಲ್ಲಿ ನೀಲಗಿರಿಯನ್ನು ವಿಶೇಷವಾಗಿ ನೆಡಲಾಗಿತ್ತು. ಅಭಯಾರಣ್ಯದ ಮರ ಮುಟ್ಟುವಂತಿಲ್ಲವೆಂಬುದು ಸರಿಯೇ. ಹೊಲದ ಬದುವಿನ ನೀಲಗಿರಿಯೂ ಕಡಸಲಿಗೆ ಸುಲಭವಾಗಿ ಒಗ್ಗದು. ಬೆಳೆಯುವಾಗಲೇ ಅದರ ಹೊರಪದರ ಎಳೆತದಲ್ಲಿಯೂ ಒಳಭಾಗ ಒತ್ತಡದಲ್ಲಿಯೂ ಇರುವುದರಿಂದ, ಕಡಿದ ಕೂಡಲೇ ಆ ಬಲಗಳು ಬಿಡುಗಡೆಗೊಂಡು ತುದಿ ಸೀಳುತ್ತದೆ. ಎಲ್ಲರೂ ಶಪಿಸಿ ಉರುವಲು ಮಾಡುವ ಬಳ್ಳಾರಿ ಜಾಲಿಯಾದರೋ ಒಣಗುವಾಗ ಬಹು ಕಡಿಮೆ ಕುಗ್ಗುತ್ತದೆ. ಅದರ ದಪ್ಪ ಕಾಂಡವನ್ನು ಇದ್ದಿಲಿಗೆ ಕಳಿಸುವುದು ನಮ್ಮ ಮಟ್ಟಿಗೆ ಅಪವ್ಯಯವೇ.

ಕೊನೆಗೆ ತುಂಡನ್ನು ದುಂಡಿಗೆ ತರುವುದು. 10 ಸೆಂಟಿಮೀಟರ್ ಚೌಕದ ತುಂಡಿನ ತುದಿಯಲ್ಲಿ ಕರ್ಣಗಳನ್ನು ಎಳೆದರೆ ಅವು ಸಂಧಿಸುವಲ್ಲಿ ಕೇಂದ್ರ. ಚೌಕದ ಮೂಲೆಗಳು ಒಳಗಿನ ವೃತ್ತದಿಂದ 2 ಸೆಂಟಿಮೀಟರ್ ಹೊರಚಾಚಿ ಉಳಿಗೆ ಬಡಿಯುತ್ತವೆ. ಬಾಚಿಯಿಂದ ಮೂಲೆ ಹೊಡೆದು ಎಂಟು ಮುಖ ಮಾಡಿದರೆ ಈ ಚಾಚು 4 ಮಿಲಿಮೀಟರಿಗೆ ಇಳಿಯುತ್ತದೆ. ತೆಗೆಯಬೇಕಾದ ಮರದಲ್ಲಿ ಐದನೆಯ ನಾಲ್ಕು ಪಾಲು ಯಂತ್ರಕ್ಕೆ ಮುನ್ನವೇ ಹೋಗಿರುತ್ತದೆ.

ಅಗಲವಾದ ತುಂಡುಗಳಲ್ಲಿ ಸಮತೋಲ ಇನ್ನೂ ಮುಖ್ಯ. ಕೇಂದ್ರದಿಂದ 15 ಸೆಂಟಿಮೀಟರ್ ದೂರದಲ್ಲಿ, ಒಂದೇ ಪಕ್ಕಕ್ಕೆ 200 ಗ್ರಾಂ ಮರ ಹೆಚ್ಚಾಗಿದೆಯೆನ್ನಿ. ನಿಮಿಷಕ್ಕೆ 600 ಸುತ್ತಿನಲ್ಲಿ ಅದನ್ನು ವೃತ್ತಪಥದಲ್ಲಿ ಹಿಡಿದಿಡಲು ಸುಮಾರು 12 ಕಿಲೋಗ್ರಾಂ ತೂಕಕ್ಕೆ ಸಮನಾದ ಬಲ ಬೇಕು, ಮತ್ತು ಅದರ ದಿಕ್ಕು ಸೆಕೆಂಡಿಗೆ ಹತ್ತು ಬಾರಿ ಸುತ್ತುತ್ತದೆ. ವೇಗವನ್ನು ಇಮ್ಮಡಿಸಿದರೆ ಬಲ ನಾಲ್ಮಡಿಯಾಗಿ 48 ಕಿಲೋಗ್ರಾಮಿಗೆ ಏರುತ್ತದೆ. ಮೊನೆಗಳಿಂದ ತುಂಡು ಕಿತ್ತು ಹಾರುವುದು ಹೀಗೆ. ಆದಕಾರಣ ಮೊದಲು ತುಂಡನ್ನು ಕೈಯಿಂದ ತಿರುಗಿಸಿ, ಯಾವಾಗಲೂ ಒಂದೇ ಮಗ್ಗುಲು ಕೆಳಗೆ ಬಂದು ನಿಲ್ಲುವುದೇ ಎಂದು ನೋಡಬೇಕು. ನಿಂತರೆ ಆ ಮಗ್ಗುಲನ್ನು ಬಾಚಿಯಿಂದ ಇನ್ನಷ್ಟು ಕೆತ್ತಬೇಕು. ಯಂತ್ರವನ್ನು ಅತ್ಯಂತ ನಿಧಾನ ವೇಗದಲ್ಲಿ, ತುಂಡಿನ ಎದುರಿಗಲ್ಲದೆ ಪಕ್ಕಕ್ಕೆ ಸರಿದು ನಿಂತು ಚಾಲೂ ಮಾಡತಕ್ಕದ್ದು.