ಬೇಟೆಯ ಋತುವೂ ಚಿಗರಿಯ ಓಟವೂ

ಅಮೆರಿಕದ ವಿಸ್ಕಾನ್ಸಿನ್ ಸಂಸ್ಥಾನದಲ್ಲಿ ನವೆಂಬರ್ ತಿಂಗಳ ಉತ್ತರಾರ್ಧದ ಒಂದು ಶನಿವಾರ ಬೆಳಗಾಗುವುದನ್ನೇ ಜನರು ವರ್ಷವಿಡೀ ಎದುರುನೋಡುತ್ತಿರುತ್ತಾರೆ. ಅಂದು ಜಿಂಕೆಯ ಬೇಟೆಯ ಋತು ತೆರೆಯುತ್ತದೆ. ಸೂರ್ಯೋದಯಕ್ಕೆ ಅರ್ಧ ಗಂಟೆ ಮುಂಚಿನಿಂದ ಬಂದೂಕು ಹಾರಿಸಲು ಅಪ್ಪಣೆ. ಒಂಬತ್ತು ದಿನಗಳಾದ ಮೇಲೆ ಆ ಋತು ಮುಗಿಯುತ್ತದೆ. ಪರವಾನಗಿ ಪಡೆದು ಹೊರಡುವವರ ಸಂಖ್ಯೆ ಐದು ಲಕ್ಷಕ್ಕೂ ಮಿಕ್ಕಿರುತ್ತದೆ. ಇವರೆಲ್ಲರೂ ಕಣ್ಣು ಕುಕ್ಕುವಂತಹ ಕಿತ್ತಳೆ ಬಣ್ಣದ ಉಡುಪನ್ನು ಧರಿಸಿಯೇ ಕಾಡನ್ನು ಹೊಗಬೇಕೆಂಬ ನಿಯಮವುಂಟು. (2016ರಿಂದ ಢಾಳಾದ ಗುಲಾಬಿ ಬಣ್ಣಕ್ಕೂ ಒಪ್ಪಿಗೆ ದೊರೆತಿದೆ.)

ಬೇಟೆಗಾರನು ಅಡಗಿ ಕುಳಿತುಕೊಳ್ಳಬೇಕಾದವನು. ಅವನಿಗೇಕೆ ಇಂತಹ ವೇಷ? ಇದಕ್ಕೆ ಉತ್ತರವು ಜಿಂಕೆಯ ಕಣ್ಣಿನಲ್ಲಿದೆ. ಮನುಷ್ಯನ ಕಣ್ಣಿನೊಳಗೆ ಬಣ್ಣವನ್ನು ಗ್ರಹಿಸುವ ಕೋಶಗಳಲ್ಲಿ ಮೂರು ಬಗೆ. ಜಿಂಕೆಯ ಕಣ್ಣಿನಲ್ಲಿ ಎರಡೇ ಬಗೆ. ಅಲ್ಲಿನ ಬಿಳಿಬಾಲದ ಜಿಂಕೆಯ ಕಣ್ಣನ್ನು ಪರೀಕ್ಷಿಸಿದಾಗ, ಒಂದು ಬಗೆಯ ಕೋಶವು ಸುಮಾರು 455 ನ್ಯಾನೊಮೀಟರ್ ಅಲೆಯುದ್ದದ ನೀಲಿ ಬೆಳಕಿಗೂ, ಇನ್ನೊಂದು ಸುಮಾರು 537 ನ್ಯಾನೊಮೀಟರ್ ಅಲೆಯುದ್ದದ ಹಸಿರು ಬೆಳಕಿಗೂ ಅತ್ಯಧಿಕವಾಗಿ ಸ್ಪಂದಿಸುವುದು ಕಂಡುಬಂದಿತು. ಕಿತ್ತಳೆಯ ಬೆಳಕು 600ರ ಆಸುಪಾಸಿನದು. ನಮಗೆ ಬೆಂಕಿಯಂತೆ ತೋರುವ ಆ ಅಂಗಿಯು ಜಿಂಕೆಗೆ ಒಣಗಿದ ಎಲೆಯ ಮಂಕು ಬಣ್ಣದ್ದಾಗಿ ಕಾಣುತ್ತದೆ. ಮನುಷ್ಯನು ಮನುಷ್ಯನಿಗೆ ಕಾಣಬೇಕು, ಜಿಂಕೆಗೆ ಕಾಣಬಾರದು. ನಿಯಮವನ್ನು ಮಾಡಿದವರು ಬೆಳಕಿನ ಶಾಸ್ತ್ರವನ್ನು ಚೆನ್ನಾಗಿಯೇ ಬಳಸಿಕೊಂಡಿದ್ದಾರೆ.

ಗೋಕಾಕ, ಹುಕ್ಕೇರಿ ಮತ್ತು ಈಚೆಗೆ ಪ್ರತ್ಯೇಕ ತಾಲ್ಲೂಕಾದ ಮೂಡಲಗಿ, ಈ ಮೂರು ಕಡೆಯ ಹಳ್ಳಿಗಳಿಂದ ಬರುವ ನಮ್ಮ ವಿದ್ಯಾರ್ಥಿಗಳಿಗೆ ಬೆಳಕಿನ ಪಾಠದಲ್ಲಿ ಈ ಸಂಗತಿಯನ್ನು ಹೇಳಿದರೆ, ಅವರು ತಪ್ಪದೆ ಕೇಳುವ ಪ್ರಶ್ನೆಯೊಂದುಂಟು: ನಮ್ಮ ಕಡೆ ಇಂತಹ ಋತು ಯಾವಾಗ ತೆರೆಯುತ್ತದೆ?

ತೆರೆಯುವುದಿಲ್ಲ. ಆದರೆ ಒಂದು ಕಾಲಕ್ಕೆ ತೆರೆಯುತ್ತಿದ್ದಿತು. ಬ್ರಿಟಿಷ್ ಸರಕಾರವು 1912ರಲ್ಲಿ ಮಾಡಿದ ವನ್ಯಪಕ್ಷಿ ಮತ್ತು ಪ್ರಾಣಿಗಳ ಸಂರಕ್ಷಣಾ ಕಾಯಿದೆಯ ಪ್ರಕಾರ, ಜಿಂಕೆ ಹುಲ್ಲೆಗಳನ್ನು ಕೊಲ್ಲಬಾರದ ನಿಷೇಧ ಕಾಲವನ್ನು ಆಯಾ ಪ್ರಾಂತ್ಯದ ಸರಕಾರಗಳು ಗೊತ್ತುಪಡಿಸಬಹುದಾಗಿದ್ದಿತು. ನಿಷೇಧ ಕಾಲವು ಮುಗಿದ ದಿನವೇ ಬೇಟೆಯ ಋತುವಿನ ಮೊದಲ ದಿನ. ಬೆಳೆಯನ್ನು ಕಾಪಾಡಿಕೊಳ್ಳಲು ಕೊಂದರೆ ಅಪರಾಧವಲ್ಲವೆಂಬ ವಿನಾಯಿತಿಯೂ ಅದರಲ್ಲಿದ್ದಿತು. ಬೆಳಗಾವಿ ಜಿಲ್ಲೆಯು ಆಗ ಮುಂಬಯಿ ಪ್ರಾಂತ್ಯಕ್ಕೆ ಸೇರಿದ್ದಿತಷ್ಟೆ. 1951ರಲ್ಲಿ ಮುಂಬಯಿ ರಾಜ್ಯವು ತನ್ನದೇ ಆದ ಕಾಯಿದೆಯನ್ನು ರಚಿಸಿತು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯು ಬೇಟೆಯನ್ನು ಬಹುಮಟ್ಟಿಗೆ ಬಿಗಿಗೊಳಿಸಿತು. ಉಳಿದಿದ್ದ ಪರವಾನಗಿಯ ಸಂದು 1991ರ ತಿದ್ದುಪಡಿಯಿಂದ ಮುಚ್ಚಿಹೋಯಿತು.

ಋತು ಮುಚ್ಚಿದುದು ಕಾಯಿದೆಯಿಂದ. ಆದರೆ ಮುಚ್ಚಬೇಕಾಗಿ ಬಂದುದೇಕೆ ಎಂಬುದು ಭೌತಶಾಸ್ತ್ರದ ಪ್ರಶ್ನೆಯೂ ಹೌದೆಂದು ನಮ್ಮ ಅಭಿಪ್ರಾಯ.

ನಮ್ಮ ಬಯಲುಸೀಮೆಯ ಜನ ‘ಚಿಗರಿ’ ಎನ್ನುವುದು ಕೃಷ್ಣಮೃಗವನ್ನು. ಹುಬ್ಬಳ್ಳಿ-ಧಾರವಾಡಗಳ ನಡುವೆ ಓಡುವ ವೇಗದ ಬಸ್ಸುಗಳಿಗೆ ಈ ಹೆಸರನ್ನಿಟ್ಟಿರುವುದು ಉಚಿತವಾಗಿಯೇ ಇದೆ. ಶಾಸ್ತ್ರದ ದೃಷ್ಟಿಯಿಂದ ಚಿಗರಿಯು ಜಿಂಕೆಯಲ್ಲ, ಹುಲ್ಲೆ. ಜಿಂಕೆಯ ಕವಲುಗೊಂಬು ವರ್ಷವರ್ಷವೂ ಉದುರಿ ಹೊಸದಾಗಿ ಬೆಳೆಯುತ್ತದೆ. ಹುಲ್ಲೆಯ ಕೊಂಬಿಗೆ ಕವಲಿಲ್ಲ, ಅದು ಉದುರುವುದೂ ಇಲ್ಲ. ಚಿಗರಿಗಿಂತ ಚಿಕ್ಕದಾದ ಚಿಂಕಾರವೂ ಇದೇ ಕುಟುಂಬದ್ದು. ಭುಜದ ಬಳಿ ಅದರ ಎತ್ತರ ಸುಮಾರು 65 ಸೆಂಟಿಮೀಟರು, ತೂಕ ಸುಮಾರು 23 ಕಿಲೋಗ್ರಾಂ. ಮೇವಿನಲ್ಲಿರುವ ತೇವ ಮತ್ತು ಇಬ್ಬನಿಯಿಂದಲೇ ಬಹುದಿನ ನೀರಿಲ್ಲದೆ ಇರಬಲ್ಲದು.

ಚಿಗರಿಯು ಗಂಟೆಗೆ ಸುಮಾರು 80 ಕಿಲೋಮೀಟರ್ ವೇಗದಲ್ಲಿ ಓಡಬಲ್ಲದು. ಆದರೆ ಅದನ್ನು ಬದುಕಿಸುವುದು ವೇಗವೊಂದೇ ಎಂದು ತಿಳಿಯಬಾರದು. ಅದಕ್ಕಿಂತ ವೇಗಶಾಲಿಯಾದ ವೈರಿಯೊಂದು ಈ ಬಯಲುಗಳಲ್ಲಿದ್ದಿತು. ಅದೇ ಸಿವಂಗಿ, ಎಂದರೆ ಚೀತಾ. ಪಳಗಿಸಿದ ಸಿವಂಗಿಯಿಂದ ಹುಲ್ಲೆಯ ಬೇಟೆಯಾಡಿಸುವ ವಿಚಾರವು ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ ಆಸ್ಥಾನದಲ್ಲಿ, ಹನ್ನೆರಡನೆಯ ಶತಮಾನದಲ್ಲಿ ರಚಿತವಾದ ‘ಮಾನಸೋಲ್ಲಾಸ’ದಲ್ಲಿಯೇ ಬರುತ್ತದೆ. ಹುಕ್ಕೇರಿ ತಾಲ್ಲೂಕಿನ ಸಂಕೇಶ್ವರದಿಂದ ಗಡಹಿಂಗ್ಲಜದ ದಾರಿ ಹಿಡಿದರೆ ಸ್ವಲ್ಪ ಹೊತ್ತಿನಲ್ಲಿಯೇ ಕೊಲ್ಹಾಪುರ ಜಿಲ್ಲೆ ಸಿಗುತ್ತದೆ. ಆ ಕೊಲ್ಹಾಪುರದ ಅರಸರು ಇಪ್ಪತ್ತನೆಯ ಶತಮಾನದ ಪೂರ್ವಾರ್ಧದಲ್ಲಿಯೂ, ದೇಶದ ಸಿವಂಗಿಗಳು ವಿರಳವಾದುದರಿಂದ ಆಫ್ರಿಕದಿಂದ ತರಿಸಿ, ಈ ಬೇಟೆಯನ್ನು ನಡೆಸುತ್ತಿದ್ದರು. ಸಿವಂಗಿಯ ಕಣ್ಣಿಗೆ ಕುಲಾವಿ ಕಟ್ಟಿ ಎತ್ತಿನ ಗಾಡಿಯಲ್ಲಿ ಕೂರಿಸಿಕೊಂಡು ಹಿಂಡಿನ ಸಮೀಪಕ್ಕೆ ಒಯ್ಯುತ್ತಿದ್ದರು. ಹೊಲದ ಗಾಡಿಗಳನ್ನು ದಿನವೂ ನೋಡಿ ಬಲ್ಲ ಚಿಗರಿಗಳು ಅದಕ್ಕೆ ಬೆದರುತ್ತಿರಲಿಲ್ಲ. ಭಾರತದಲ್ಲಿ ಸಿವಂಗಿಯ ಸಂತತಿ ಅಳಿಯಿತೆಂದು 1952ರಲ್ಲಿ ಸಾರಲಾಯಿತು. 2022ರಲ್ಲಿ ನಮೀಬಿಯದಿಂದ ತಂದು ಮಧ್ಯಪ್ರದೇಶದ ಕೂನೊದಲ್ಲಿ ಬಿಟ್ಟುದು ಓದುಗರಿಗೆ ತಿಳಿದೇ ಇದೆ.

ಇನ್ನು ಓಟದ ಲೆಕ್ಕವನ್ನು ನೋಡೋಣ. 2013ರಲ್ಲಿ ಬೋಟ್ಸ್ವಾನ ದೇಶದ ಕಾಡು ಸಿವಂಗಿಗಳ ಕೊರಳಿಗೆ ಸೂಕ್ಷ್ಮ ಯಂತ್ರಗಳನ್ನು ಕಟ್ಟಿ ಅವುಗಳ ಓಟವನ್ನು ಅಳೆದ ಫಲಿತಾಂಶಗಳು ಪ್ರಕಟವಾದುವು. ಅತ್ಯಧಿಕ ವೇಗ ಸೆಕೆಂಡಿಗೆ 25.9 ಮೀಟರು, ಎಂದರೆ ಗಂಟೆಗೆ 93 ಕಿಲೋಮೀಟರು. ಆದರೆ ಬೇಟೆಯ ಓಟಗಳಲ್ಲಿ ತಲುಪಿದ ಗರಿಷ್ಠ ವೇಗದ ಸರಾಸರಿ ಸೆಕೆಂಡಿಗೆ 14.9 ಮೀಟರು ಮಾತ್ರ! ಇಷ್ಟು ವೇಗವನ್ನು ಪಡೆದ ಪ್ರಾಣಿಯು ಅದನ್ನು ಉಪಯೋಗಿಸದಿರುವುದೇಕೆ?

ಸೈಕಲ್ಲಿನಲ್ಲಿ ಜೋರಾಗಿ ಹೋಗುತ್ತ ತಿರುವಿನಲ್ಲಿ ಬಿದ್ದವರೆಲ್ಲರಿಗೂ ಇದರ ಕಾರಣ ಗೊತ್ತು. ವಕ್ರಮಾರ್ಗದಲ್ಲಿ ಚಲಿಸುವ ವಸ್ತುವಿಗೆ ವೃತ್ತದ ಕೇಂದ್ರದ ಕಡೆಗೆ ವೇಗೋತ್ಕರ್ಷ ಇರಲೇಬೇಕು. ವೇಗದ ವರ್ಗವನ್ನು ವೃತ್ತದ ತ್ರಿಜ್ಯದಿಂದ ಭಾಗಿಸಿದರೆ ಅದರ ಬೆಲೆ ಸಿಗುತ್ತದೆ. ಇದನ್ನು ಒದಗಿಸುವುದು ಪಾದ ಮತ್ತು ನೆಲಗಳ ಹಿಡಿತ. ಸಿವಂಗಿಯ ಉಗುರುಗಳು ಪೂರ್ಣವಾಗಿ ಒಳಸರಿಯದೆ ಓಟಗಾರನ ಬೂಟಿನ ಮೊಳೆಗಳಂತೆ ನೆಲವನ್ನು ಕಚ್ಚುತ್ತವೆ. ಅದರಿಂದ ದೊರೆಯುವ ವೇಗೋತ್ಕರ್ಷವನ್ನು 13 ಮಾನಗಳೆಂದು ಇಟ್ಟುಕೊಳ್ಳೋಣ. ಆಗ 25.9 ಮೀಟರ್ ವೇಗದಲ್ಲಿ ಅದು ತಿರುಗಬಲ್ಲ ಅತಿ ಚಿಕ್ಕ ವೃತ್ತದ ತ್ರಿಜ್ಯ ಸುಮಾರು 52 ಮೀಟರು. ವೇಗವು 14.9 ಆದರೆ ತ್ರಿಜ್ಯ 17 ಮೀಟರು. ಇತ್ತ ಚಿಗರಿಗೆ ಹಿಡಿತ ಕಡಿಮೆಯೆಂದು ಭಾವಿಸಿ 10 ಮಾನಗಳನ್ನಷ್ಟೇ ಕೊಡೋಣ. ಅದು ತನ್ನ ವೇಗವನ್ನು ಸೆಕೆಂಡಿಗೆ 10 ಮೀಟರಿಗೆ ಇಳಿಸಿದರೆ 10 ಮೀಟರ್ ತ್ರಿಜ್ಯದಲ್ಲಿಯೇ ತಿರುಗಿಬಿಡುತ್ತದೆ. ಬೆನ್ನಟ್ಟಿ ಬಂದ ಸಿವಂಗಿಯು ಮುಂದಕ್ಕೆ ಹಾದುಹೋಗಿ, ಮತ್ತೆ ತಿರುಗಿ, ಮತ್ತೆ ವೇಗ ಕೂಡಿಸಿಕೊಳ್ಳಬೇಕು. ಅಷ್ಟರಲ್ಲಿ ಅದರ ಉಸಿರು ಸೋಲುತ್ತದೆ.

2018ರಲ್ಲಿ ಅದೇ ದೇಶದಲ್ಲಿ ಸಿವಂಗಿ ಮತ್ತು ಇಂಪಾಲ, ಸಿಂಹ ಮತ್ತು ಜೀಬ್ರಾ ಜೋಡಿಗಳನ್ನು ಹೋಲಿಸಿದಾಗ ಈ ಮಾತು ಇನ್ನೂ ಖಚಿತವಾಯಿತು. ಬೇಟೆಯಾಡುವ ಪ್ರಾಣಿಯು ತನ್ನ ಬೇಟೆಗಿಂತ ಶೇಕಡ 38ರಷ್ಟು ಹೆಚ್ಚು ವೇಗಶಾಲಿ. ಆದರೂ ಓಡುವ ಪ್ರಾಣಿಯು ತನ್ನ ಪೂರ್ಣವೇಗದಲ್ಲಿ ಓಡದೆ, ಮುಂದಿನ ಹೆಜ್ಜೆ ಎತ್ತ ಎಂಬ ಆಯ್ಕೆಯನ್ನು ಉಳಿಸಿಕೊಂಡರೆ ಬದುಕುವ ಸಂಭವ ಹೆಚ್ಚು. ಪೂರ್ಣವೇಗದಲ್ಲಿ ಹೋಗುವವನು ಎಲ್ಲಿರುವನೆಂದು ಒಂದು ಸೆಕೆಂಡು ಮೊದಲೇ ಹೇಳಿಬಿಡಬಹುದಲ್ಲವೆ?

ಮುಧೋಳದ ಬೇಟೆನಾಯಿಗಳ ಓಟದಲ್ಲಿ ಇನ್ನೊಂದು ಬಗೆಯ ಗಣಿತವಿದೆ. ಮುಧೋಳ ಸಂಸ್ಥಾನದ ಘೋರ್ಪಡೆ ಅರಸರ ಆಶ್ರಯದಲ್ಲಿ ಹೆಸರಾದ ಈ ತಳಿಯು ವಾಸನೆಗಿಂತ ಹೆಚ್ಚಾಗಿ ಕಣ್ಣನ್ನು ನಂಬಿ ಬೆನ್ನಟ್ಟುವಂತಹುದು. ನಾಯಿಯು ಸದಾ ಬೇಟೆಯ ಕಡೆಗೇ ಮೂತಿಯಿಟ್ಟು ಓಡಿದರೆ ಅದರ ದಾರಿ ಸರಳರೇಖೆಯಾಗದೆ ಒಂದು ವಿಶಿಷ್ಟ ವಕ್ರರೇಖೆಯಾಗುತ್ತದೆ. ಒಂದು ಹಡಗನ್ನು ಇನ್ನೊಂದು ಹಡಗು ಬೆನ್ನಟ್ಟುವ ಸಮಸ್ಯೆಯನ್ನು ಬಿಡಿಸುತ್ತ ಫ್ರಾನ್ಸಿನ ಪಿಯರ್ ಬೂಗೆ 1732ರಲ್ಲಿ ಈ ರೇಖೆಯ ಲೆಕ್ಕವನ್ನು ಕೊಟ್ಟನು. ಈ ದಾರಿ ಉದ್ದವಾದುದು. ಎರಡು ನಾಯಿಗಳಿದ್ದರೆ ಒಂದು ಬೆನ್ನಿಗೆ ಬಿದ್ದಾಗ ಇನ್ನೊಂದು ಅಡ್ಡದಾರಿಯನ್ನು ಹಿಡಿಯಬಹುದು. ತಿರುಗಿದ ಪ್ರಾಣಿ ಅದರ ಬಾಯಿಗೇ ಬರುತ್ತದೆ. ಹಾಗಿದ್ದರೂ ಬಯಲಿನಲ್ಲಿ ನಾಯಿಗಳು ಬರಿಗೈಯಲ್ಲಿ, ಕ್ಷಮಿಸಿ, ಬರಿಬಾಯಿಯಲ್ಲಿ ಹಿಂದಿರುಗುವುದು ಅಪರೂಪವಾಗಿರಲಿಕ್ಕಿಲ್ಲ.

ಇಷ್ಟೆಲ್ಲ ಉಪಾಯಗಳು ನೆಲದ ಮೇಲೆ, ಕಣ್ಣೆದುರಿಗೆ ಓಡಿಬರುವ ವೈರಿಗಾಗಿ ರೂಪುಗೊಂಡವು. ಬಂದೂಕಿನ ಗುಂಡಿಗೆ ಇವು ಯಾವುವೂ ತಾಗುವುದಿಲ್ಲ. ಸೆಕೆಂಡಿಗೆ 800 ಮೀಟರ್ ವೇಗದ ಗುಂಡು 200 ಮೀಟರ್ ದೂರವನ್ನು ಕಾಲು ಸೆಕೆಂಡಿನಲ್ಲಿ ಕ್ರಮಿಸುತ್ತದೆ. ಅದರ ಸದ್ದಿಗೆ ಅಷ್ಟೇ ದೂರ ಬರಲು ಸುಮಾರು 0.6 ಸೆಕೆಂಡು ಬೇಕು. ಎಂದರೆ, ಬಂದೂಕಿನ ಸದ್ದು ಚಿಗರಿಯ ಕಿವಿಯನ್ನು ಮುಟ್ಟುವ ಮೊದಲೇ ಗುಂಡು ಬಂದು ಹೋಗಿರುತ್ತದೆ. ಬೇಟೆಗಾರನಿಗೆ ಉಳಿಯುವ ತೊಡಕು ಒಂದೇ: ಆ ಕಾಲು ಸೆಕೆಂಡಿನಲ್ಲಿ ಓಡುವ ಚಿಗರಿಯು ಐದು ಮೀಟರ್ ಮುಂದೆ ಹೋಗಿರುತ್ತದೆ, ಗುಂಡು 30 ಸೆಂಟಿಮೀಟರ್ ಕೆಳಗಿಳಿದಿರುತ್ತದೆ. ಎರಡನೆಯದನ್ನು ಗುರಿಕಟ್ಟಿನಿಂದ ಸರಿಪಡಿಸಬಹುದು. ಮೊದಲನೆಯದಕ್ಕೆ ಪ್ರಾಣಿಯು ನಿಂತಿರಬೇಕು.

ಅದನ್ನು ನಿಲ್ಲಿಸುವ ಉಪಾಯವೂ ಸಿಕ್ಕಿತು. ಎರಡನೆಯ ಮಹಾಯುದ್ಧದ ತರುವಾಯ ದೇಶದಲ್ಲೆಲ್ಲ ಜೀಪುಗಳು ಬಂದುವು, ಅವುಗಳಿಗೆ ಪ್ರಖರವಾದ ದೀಪಗಳೂ ಬಂದುವು. ಹುಕ್ಕೇರಿ ಕಡೆಯ ವೃದ್ಧರೊಬ್ಬರು ತಮ್ಮ ಬಾಲ್ಯದಲ್ಲಿ ಕಂಡುದನ್ನು ನಮಗೆ ಹೀಗೆ ವರ್ಣಿಸಿದರು: “ಬಂದಿ ಮುಗೀತಂದ್ರ ಮೊದಲನೇ ರಾತ್ರೀನ ಜೀಪ ಹೊರಡತಿತ್ತು ಮಾಸ್ತರ. ನಾವು ಹುಡುಗರು ಹಿಂದ ಕುಂದರತಿದ್ವಿ. ಬೆಳಕ ಬಿಟ್ಟ ಕೂಡ್ಲೆ ಹೊಲದ ತುಂಬ ಹಸರ ದೀಪ ಹಚ್ಚಿದಂಗ ಕಣ್ಣ ಹೊಳೀತಿದ್ವು. ಓಡೂದ ಮರತ ನಿಂತಬಿಡತಿದ್ವು. ಎಣಿಸಿ ಎಣಿಸಿ ಹೊಡೀತಿದ್ರು.” ಬೇಟೆಯಲ್ಲಿ ಬಂದ ಮಾಂಸದ ಪಾಲನ್ನು ನೆನೆದು ಮೊದಲು ನಕ್ಕರು, ಆಮೇಲೆ, ನಾಲ್ಕಾರು ವರ್ಷಗಳಲ್ಲಿ ಇಡೀ ರಾತ್ರಿ ತಿರುಗಿದರೂ ಒಂದು ಜೊತೆ ಕಣ್ಣು ಹೊಳೆಯದಾಯಿತೆಂದು ಹೇಳಿ ಸುಮ್ಮನಾದರು.

ಆ ಹೊಳಪಿನ ಕಾರಣ ಸ್ವಾರಸ್ಯವಾದುದು. ಹುಲ್ಲೆಯ ಕಣ್ಣಿನ ಹಿಂಭಾಗದಲ್ಲಿ ಕನ್ನಡಿಯಂತಹ ಪದರವೊಂದಿದೆ. ಇರುಳಿನ ಅಲ್ಪ ಬೆಳಕು ನೋಡುವ ಕೋಶಗಳನ್ನು ಒಮ್ಮೆ ಹಾದುಹೋದರೆ, ಈ ಪದರವು ಅದನ್ನು ಮತ್ತೊಮ್ಮೆ ಅವುಗಳತ್ತ ತಿರುಗಿಸುತ್ತದೆ. ಕಣ್ಣಿನ ಮಸೂರವು ಹೊರಗಿನ ದೀಪವನ್ನು ಈ ಪದರದ ಮೇಲೆ ಕೇಂದ್ರೀಕರಿಸುವುದರಿಂದ, ಪ್ರತಿಫಲಿಸಿದ ಬೆಳಕು ಬಂದ ದಾರಿಯಲ್ಲಿಯೇ ಮರಳಿ ದೀಪದ ಕಡೆಗೇ ಬರುತ್ತದೆ. ಆದುದರಿಂದಲೇ ಹೊಳಪು ದೀಪ ಹಿಡಿದವನಿಗೆ ಕಾಣುತ್ತದೆ, ಪಕ್ಕದ ಹೊಲದವನಿಗೆ ಕಾಣುವುದಿಲ್ಲ. ಅತ್ತ ಕತ್ತಲೆಗೆ ಹೊಂದಿಕೊಂಡು ಅರಳಿದ್ದ ಪಾಪೆಯೊಳಗೆ ಒಮ್ಮೆಲೇ ಬೆಳಕಿನ ಪ್ರವಾಹ ನುಗ್ಗಿದಾಗ ಆ ಪ್ರಾಣಿಗೆ ದೀಪದ ಹೊರತು ಮತ್ತೇನೂ ತೋರದು. ಯಾವ ದಿಕ್ಕಿಗೆ ಓಡುವುದು? ಕತ್ತಲೆಯಲ್ಲಿ ಅದನ್ನು ಕಾಯುತ್ತಿದ್ದ ಅಂಗವೇ ಅದನ್ನು ಹಿಡಿದುಕೊಟ್ಟಿತು. ಇದನ್ನು ಬೇಟೆಯೆನ್ನಲು ನಮ್ಮ ಮನಸ್ಸು ಒಪ್ಪದು. ಬೇಟೆಯಲ್ಲಿ ಓಟವಿರುತ್ತದೆ.

ಚಿಗರಿಯನ್ನು ನೀಗಿಸಿದುದು ದೀಪವೊಂದೇ ಅಲ್ಲ. ಧೂಪದಾಳದ ಒಡ್ಡಿನಿಂದ ಹೊರಟ ಘಟಪ್ರಭಾ ಎಡದಂಡೆ ಕಾಲುವೆಯು ಗೋಕಾಕ, ಮೂಡಲಗಿಗಳ ಕಡೆಯ ನೆಲಕ್ಕೆ ನೀರು ಕೊಟ್ಟಿತು. ಹುಲ್ಲುಗಾವಲು ಇದ್ದೆಡೆ ಕಬ್ಬು ಬೆಳೆಯಿತು. ದೂರದ ತನಕ ನೋಡಿ, ತಿರುಗಿ ತಿರುಗಿ ಓಡಿ ಬದುಕುವ ಪ್ರಾಣಿಗೆ ಆಳೆತ್ತರದ ಕಬ್ಬಿನಲ್ಲಿ ಕಣ್ಣೂ ಇಲ್ಲ, ಕಾಲೂ ಇಲ್ಲ. ಕಾಲುವೆಯನ್ನು ನಾವು ದೂರುವಂತಿಲ್ಲ; ನಮ್ಮ ವಿದ್ಯಾರ್ಥಿಗಳಲ್ಲಿ ಅನೇಕರ ಓದಿನ ಖರ್ಚು ಆ ನೀರಿನಿಂದಲೇ ಬಂದುದು.

ಚಿಗರಿಗಾಗಿ 1974ರಲ್ಲಿ ರಾಣೆಬೆನ್ನೂರಿನಲ್ಲಿ ಅಭಯಾರಣ್ಯವಾಯಿತು. ಚಿಂಕಾರದ ಸರದಿ ಬರಲು 2016ರವರೆಗೆ ಕಾಯಬೇಕಾಯಿತು. ಮೂಡಲಗಿಯಿಂದ ಪೂರ್ವಕ್ಕೆ ಹೊರಟು ಮುಧೋಳವನ್ನು ದಾಟಿದರೆ ಸಿಗುವ ಯಡಹಳ್ಳಿಯ ಕುರುಚಲು ಗುಡ್ಡಗಳಲ್ಲಿ ಸುಮಾರು 96 ಚದರ ಕಿಲೋಮೀಟರ್ ನೆಲವನ್ನು ಆ ವರ್ಷ ಚಿಂಕಾರ ಅಭಯಾರಣ್ಯವೆಂದು ಘೋಷಿಸಲಾಯಿತು. ಕಾಯಿದೆಯ ಮೊದಲನೆಯ ಅನುಸೂಚಿಯಲ್ಲಿ ಈಗ ಈ ಎರಡು ಹುಲ್ಲೆಗಳೂ ಇವೆ.

ಕಳೆದ ಚಳಿಗಾಲದಲ್ಲಿ ಅನುಮತಿ ಪಡೆದು ಕೆಲವು ವಿದ್ಯಾರ್ಥಿಗಳೊಡನೆ ನಾವು ಅಲ್ಲಿಗೆ ಹೋಗಿದ್ದೆವು. ಬೆಳಗಿನ ಮೂರು ಗಂಟೆಗಳ ಅಲೆದಾಟದಲ್ಲಿ ಚಿಂಕಾರವು ಕಂಡುದು ಒಂದು ನಿಮಿಷಕ್ಕೂ ಕಡಿಮೆ. ಮುಂಗಾಲಿನಿಂದ ನೆಲವನ್ನು ಗುದ್ದಿ, ಸೀನಿದಂತೆ ಸದ್ದು ಮಾಡಿ, ಒಂದು ಕಾರೆಗಿಡದ ಮೇಲಿಂದ ಹಾರಿ ಮರೆಯಾಯಿತು. ಒಬ್ಬ ವಿದ್ಯಾರ್ಥಿಯು ಅದನ್ನು ಮೊಬೈಲಿನಲ್ಲಿ ಚಿತ್ರೀಕರಿಸಿದ್ದನು. ಚಿತ್ರಗಳನ್ನು ಎಣಿಸಿ ನೋಡಿದಾಗ ಅದು ಗಾಳಿಯಲ್ಲಿದ್ದ ಕಾಲ 0.8 ಸೆಕೆಂಡು. ಗುರುತ್ವದ ವೇಗೋತ್ಕರ್ಷವನ್ನು ಕಾಲದ ವರ್ಗದಿಂದ ಗುಣಿಸಿ 8ರಿಂದ ಭಾಗಿಸಿದರೆ ದೇಹವು ಮೇಲೇರಿದ ಎತ್ತರ ಸಿಗುತ್ತದೆ: 78 ಸೆಂಟಿಮೀಟರು. ದೇಹದ ಭಾರಕೇಂದ್ರವು ಮೊದಲೇ ನೆಲದಿಂದ ಅರ್ಧ ಮೀಟರಿನಷ್ಟು ಮೇಲಿರುತ್ತದೆ. ಹಾರುವಾಗ ಕಾಲುಗಳನ್ನು ಮಡಿಚಿಕೊಳ್ಳುತ್ತದೆ. ಹೀಗಾಗಿ ಒಂದು ಮೀಟರ್ ಎತ್ತರದ ತಡೆಯನ್ನು ಅದು ಆಯಾಸವಿಲ್ಲದೆ ದಾಟಬಲ್ಲದು.

ಅಭಯಾರಣ್ಯದ ಅಂಚಿನಲ್ಲಿ ಕಡಲೆ ಬಿತ್ತಿದ್ದ ರೈತರೊಬ್ಬರು ಈ ಲೆಕ್ಕವನ್ನು ಆಸಕ್ತಿಯಿಂದ ಕೇಳುತ್ತಿದ್ದರು. ಅವರು ಹೊಲದ ಸುತ್ತಲೂ ಸೊಂಟದೆತ್ತರದ ತಂತಿಬೇಲಿ ಹಾಕಿಸಲು ಹಣ ಕೂಡಿಸಿಟ್ಟಿದ್ದರಂತೆ. “ಹಂಗಾದ್ರ ಬೇಲಿ ರೊಕ್ಕ ಉಳೀತು ಬಿಡ್ರಿ ಸರ,” ಎಂದರು.