ಸಿ ಡ್ರೈವ್ ಕೆಂಪಾಯ್ತಾ?

ಕೋಡಿಹಳ್ಳಿಯಲ್ಲಿ ಪಹಣಿ, ಜಾತಿ-ಆದಾಯ ಪ್ರಮಾಣಪತ್ರದ ಅರ್ಜಿ ಹಾಕಿಕೊಡೋ ಅಂಗಡಿ ನಿಮ್ಮದಾ? ಅಲ್ಲಿನ ವಿಂಡೋಸ್ ಕಂಪ್ಯೂಟರ್‌ನಲ್ಲಿ ಸಿ ಡ್ರೈವ್‌ನ ನೀಲಿ ಪಟ್ಟಿ ಕೆಂಪಾಗಿದ್ರೆ, ಖಾಲಿ ಜಾಗ ಶೇ 10ಕ್ಕಿಂತ ಕಡಿಮೆ ಉಳಿದಿದೆ ಅಂತ. ಕಂಪ್ಯೂಟರ್ ನಿಧಾನ ಆಗುತ್ತೆ, ಅಪ್‌ಡೇಟ್ ಅರ್ಧಕ್ಕೇ ನಿಲ್ಲುತ್ತೆ.

256 ಜಿಬಿ ಡಿಸ್ಕ್ ತಂದ್ರೂ ವಿಂಡೋಸ್ 238 ಅಂತಲೇ ತೋರಿಸೋದು. ಮಾರಿದವರು ಮೋಸ ಮಾಡಿಲ್ಲ. ತಯಾರಕರದ್ದು 1000ದ ಲೆಕ್ಕ, ವಿಂಡೋಸ್‌ದು 1024ರ ಲೆಕ್ಕ.

ಏನನ್ನೂ ಅಳಿಸೋ ಮುಂಚೆ ಸೆಟ್ಟಿಂಗ್ಸ್, ಸಿಸ್ಟಮ್, ಸ್ಟೋರೇಜ್ ತೆಗೀರಿ. ಯಾವುದು ಎಷ್ಟು ಜಾಗ ತಿಂದಿದೆ ಅಂತ ಅಲ್ಲೇ ಕಾಣುತ್ತೆ. ಟೆಂಪರರಿ ಫೈಲ್ಸ್ ಪಟ್ಟಿಯಲ್ಲಿರೋದನ್ನ ಅಳಿಸಬಹುದು. ಆದ್ರೆ ಆ ಪಟ್ಟಿಯಲ್ಲೇ ಡೌನ್‌ಲೋಡ್ಸ್ ಕೂಡ ಇರುತ್ತೆ, ಟಿಕ್ ಹಾಕೋ ಮುಂಚೆ ನೋಡಿ.

ಡೌನ್‌ಲೋಡ್ಸ್ ಒಳಗೆ ಊರವರ ಆಧಾರ್, ಪಾಸ್‌ಬುಕ್ ಪ್ರತಿಗಳು ಗುಡ್ಡೆ ಬಿದ್ದಿರುತ್ತವೆ. ಜಾಗದ ಮಾತು ಹಾಗಿರಲಿ, ನಿಮ್ಮನ್ನ ನಂಬಿ ಕೊಟ್ಟ ಕಾಗದ ಅವು. ಕೆಲಸ ಮುಗಿದ ದಿನವೇ ಅಳಿಸಿಬಿಡಿ. ಡಿಲೀಟ್ ಒತ್ತಿದ್ರೆ ರೀಸೈಕಲ್ ಬಿನ್‌ಗೆ ಹೋಗುತ್ತೆ ಅಷ್ಟೇ, ಜಾಗ ಬಿಡಲ್ಲ. ಬಿನ್ನನ್ನೂ ಖಾಲಿ ಮಾಡಿ.

ವಿಂಡೋಸ್ ಅನ್ನೋ ಫೋಲ್ಡರ್ ಎಷ್ಟೇ ದೊಡ್ಡದಾಗಿ ಕಂಡ್ರೂ ಅದರೊಳಗೆ ಕೈಯಿಟ್ಟು ಏನೂ ಅಳಿಸಬೇಡಿ.