ಸಕಾರ, ಹಕಾರ ಮತ್ತು ಸೂರತ್ತಿನ ನುಡಿ

ಸೂರತ್ತಿನ ಆಡುನುಡಿಯಲ್ಲಿ ಊರಿನ ಹೆಸರೇ 'ಹುರತ್' ಎಂದಾಗುವುದನ್ನು ಉಧ್ನಾದಲ್ಲಿ ನೆಲೆಸಿದ ಕನ್ನಡಿಗರು ಬಲ್ಲರು. ಗುಜರಾತಿಯ 'ಸಾತ' (ಏಳು) ಅಲ್ಲಿ 'ಹಾತ'. 'ಸಾರುಂ' (ಒಳ್ಳೆಯದು) ಅಲ್ಲಿ 'ಹಾರುಂ'. ಇದನ್ನು ಅಶುದ್ಧ ಉಚ್ಚಾರಣೆಯೆಂದು ನಗುವವರುಂಟು. ಆದರೆ ಊಷ್ಮಧ್ವನಿಗಳ ಸ್ವರೂಪವನ್ನು ಅರಿತರೆ ಇದರ ಹಿಂದಿರುವ ಕ್ರಮವು ಸ್ಪಷ್ಟವಾಗುತ್ತದೆ.

ಉಸಿರು ಹೊರಡುವ ದಾರಿಯನ್ನು ಪೂರ್ಣವಾಗಿ ಮುಚ್ಚಿ ತಟ್ಟನೆ ಬಿಟ್ಟರೆ ಪ, ತ, ಕ ಮುಂತಾದ ಸ್ಪರ್ಶಗಳು ಹುಟ್ಟುತ್ತವೆ. ದಾರಿಯನ್ನು ಮುಚ್ಚದೆ ಕಿರಿದುಮಾಡಿದರೆ ಉಸಿರು ಉಜ್ಜಿಕೊಂಡು ಹರಿಯುತ್ತದೆ; ಆ ಘರ್ಷಣೆಯ ಸದ್ದೇ ಊಷ್ಮ. ಶ, ಷ, ಸ, ಹಗಳಿಗೆ ಪ್ರಾಚೀನ ವೈಯಾಕರಣರು ಈ ಹೆಸರನ್ನಿತ್ತರು. ಆಧುನಿಕ ಭಾಷಾವಿಜ್ಞಾನವು ಇವನ್ನು ಘರ್ಷಧ್ವನಿಗಳೆನ್ನುತ್ತದೆ. 'ತ್' ಎಂಬುದನ್ನು ಎಳೆದು ನುಡಿಯಲಾಗದು. 'ಸ್' ಎಂಬುದನ್ನಾದರೋ ಉಸಿರಿರುವವರೆಗೂ ಎಳೆಯಬಹುದು.

ಈ ನಾಲ್ಕಕ್ಕೂ ಭೇದವಿರುವುದು ಘರ್ಷಣೆಯ ಸ್ಥಾನದಲ್ಲಿ. ಸಕಾರಕ್ಕೆ ನಾಲಗೆಯ ತುದಿ ಮೇಲುಹಲ್ಲಿನ ಹತ್ತಿರಕ್ಕೆ ಬರಬೇಕು. ಶಕಾರಕ್ಕೆ ನಾಲಗೆ ತಾಲುವಿನತ್ತ ಏಳಬೇಕು. ಷಕಾರಕ್ಕೆ ಅದರ ತುದಿ ಹಿಂದಕ್ಕೆ ಬಾಗಬೇಕು. ಹಕಾರದ ಸ್ಥಾನ ಕಂಠ; ಅಲ್ಲಿ ನಾಲಗೆಗೆ ಪ್ರಯತ್ನವಿಲ್ಲ. ಆದಕಾರಣ ಸಕಾರವನ್ನು ನುಡಿಯುವಾಗ ನಾಲಗೆಯ ಬಿಗಿ ಸಡಿಲಿದರೆ ಉಳಿಯುವುದು ಬರಿಯ ಉಸಿರು, ಎಂದರೆ ಹಕಾರ. ಪ್ರಾಚೀನ ಇರಾನೀ ಭಾಷೆಗಳಲ್ಲಿಯೂ ಇದೇ ನಡೆಯಿತು. ಸಂಸ್ಕೃತದ 'ಸಪ್ತ'ಕ್ಕೆ ಪಾರಸಿಯಲ್ಲಿ 'ಹಫ್ತ್'. ಅದರಿಂದ ವಾರವೆಂಬ ಅರ್ಥದ 'ಹಫ್ತಾ'. ಗುಜರಾತಿನ ಪೇಟೆಯಲ್ಲಿ ಸಾಲದ ಕಂತಿಗೆ ಹೇಳುವ 'ಹಪ್ತೋ' ಸಹ ಇದೇ ಮೂಲದ್ದು. ಪಾರಸಿಯಲ್ಲಿ ಎಂದೋ ಆದುದೇ ಸೂರತ್ತಿನ 'ಹಾತ'ದಲ್ಲಿಯೂ ಆಗಿದೆ.

ಕನ್ನಡವೂ ಬೇರೊಂದು ದಾರಿಯಿಂದ ಹಕಾರವನ್ನು ಸೇರಿತು. ಹಳಗನ್ನಡದ ಪಾಲ್, ಪುಲಿ, ಪೂಗಳು ಹಾಲು, ಹುಲಿ, ಹೂಗಳಾದುವು; ತಮಿಳಿನಲ್ಲಿ ಆ ಪಕಾರ ಇಂದಿಗೂ ನಿಂತಿದೆ. ಸುಮಾರು 10ನೆಯ ಶತಮಾನದಿಂದ ಕಾಣತೊಡಗಿದ ಈ ಮಾರ್ಪಾಡಿನಲ್ಲಿ ತುಟಿಗಳ ಬಿಗಿ ಸಡಿಲಿ ಉಸಿರು ಮಾತ್ರ ಉಳಿಯಿತು. ದಕ್ಷಿಣ ಕರ್ನಾಟಕದ ಹಳ್ಳಿಗಳಲ್ಲಿ 'ಆಲು' ಎನ್ನುವವರ ನುಡಿಯಲ್ಲಿ ಆ ಉಸಿರೂ ಅಡಗಿದೆ. 'ಹಾಲು' ಎನ್ನುವ ಕನ್ನಡಿಗರು 'ಹುರತ್' ಎನ್ನುವವರನ್ನು ಹಳಿಯುವುದು ಹೇಗೆ?

ಆದರೂ ಒಂದು ಎಚ್ಚರಿಕೆ ಅಗತ್ಯ. ಕನ್ನಡದಲ್ಲಿ ಸಕಾರ ಹಕಾರಗಳು ಅರ್ಥಭೇದಕ ಧ್ವನಿಗಳು. 'ಸಾಲು' ಬೇರೆ, 'ಹಾಲು' ಬೇರೆ. ಊಟದ ಪಂಕ್ತಿಯಲ್ಲಿ 'ಸಾಕು' ಎನ್ನಬೇಕಾದವನು 'ಹಾಕು' ಎಂದರೆ ಎಲೆಯ ಮೇಲೆ ಇನ್ನೊಂದು ಸೌಟು ಅನ್ನ ಬೀಳುವುದು ನಿಶ್ಚಯ. ಬೀದಿಯಲ್ಲಿ ಸೂರತ್ತಿನ ನುಡಿಯನ್ನೂ ಮನೆಯಲ್ಲಿ ಕನ್ನಡವನ್ನೂ ಆಡಿ ಬೆಳೆಯುವ ಮಗುವಿಗೆ ಇಂಥ ಜೋಡಿಪದಗಳನ್ನು ಕೇಳಿಸಿ, ನುಡಿಸಿ, ಭೇದವನ್ನು ಮನಗಾಣಿಸುವುದು ಹಿರಿಯರ ಕೆಲಸ. ಅದಕ್ಕಾಗಿ ನೆರೆಯವರ ನುಡಿಯನ್ನು ತಪ್ಪೆಂದು ಕಲಿಸಬೇಕಾದುದಿಲ್ಲ. ಎರಡು ನುಡಿಗಳ ಎರಡು ಕಟ್ಟಳೆಗಳನ್ನು ಅರಿತ ಮಗು ಎರಡನ್ನೂ ಸರಿಯಾಗಿ ಆಡಬಲ್ಲುದು.